ಹುರಿದ ತಾವರೆ ಬೀಜವೂ ನಮ್ಮ ಹುಡುಗಿಯರ ಡಬ್ಬಿಯೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಅದು ಪರೀಕ್ಷೆಯ ಫಲಿತಾಂಶವನ್ನೋ, ಶಿಸ್ತನ್ನೋ, ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನೋ ಕುರಿತದ್ದಾಗಿರಬೇಕೆಂಬ ಸಂಪ್ರದಾಯವುಂಟು. ಈ ಸಲ ಆ ಸಂಪ್ರದಾಯವನ್ನು ಬದಿಗಿರಿಸಿ, ಸಾಯಂಕಾಲ ಹಸಿದು ಮನೆಗೆ ಬರುವ ಬಾಲಿಕೆಯ ಕೈಗೆ ಏನನ್ನು ಕೊಡತಕ್ಕದ್ದೆಂಬ ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಸಣ್ಣದೆಂದು ಹೇಳಿದೆವಾದರೂ, ಪಾಠ ಹೇಳುವವರಿಗೆ ಇದು ಸಣ್ಣದಲ್ಲ. ಹಸಿದ ಹೊಟ್ಟೆಗೆ ಬೀಜಗಣಿತವು ಹತ್ತದು. ರಕ್ತ ಸಾಲದ ದೇಹದಲ್ಲಿ ಬುದ್ಧಿಯು ಎಷ್ಟೇ ಚುರುಕಾಗಿದ್ದರೂ ಮಧ್ಯಾಹ್ನದ ಮೂರನೆಯ ಗಂಟೆಯ ವೇಳೆಗೆ ಬಾಡಿಹೋಗುತ್ತದೆ.

ಇತ್ತೀಚಿನ ಪೋಷಕರ ಸಭೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ನಮ್ಮ ಮುಂದೆ ಬಂದಿದೆ. ಹುರಿದ ತಾವರೆ ಬೀಜ, ಎಂದರೆ ಅಂಗಡಿಗಳಲ್ಲಿ ಮಖಾನವೆಂದು ಮಾರುವ ಬಿಳಿಯ ಅರಳು, ಮಕ್ಕಳಿಗೆ ಬಹಳ ಒಳ್ಳೆಯದಂತೆ. ಅದನ್ನೇ ದಿನವೂ ಡಬ್ಬಿಗೆ ಹಾಕಿ ಕಳುಹಿಸಬಹುದೇ ಎಂದು ತಾಯಂದಿರು ಕೇಳುತ್ತಾರೆ. ಮನೆಯಲ್ಲಿ ತೆಲುಗು ಆಡುವ ಕುಟುಂಬಗಳವರು ‘ತಾಮರ ಗಿಂಜಲು’ ಎಂದು ಕೇಳುತ್ತಾರೆ, ಪ್ರಶ್ನೆಯು ಒಂದೇ. ‘ಕೊಡಬಹುದು’ ಎಂಬ ಒಂದು ಮಾತಿನ ಉತ್ತರವು ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ. ಉಳಿದರ್ಧವನ್ನು ಸಭೆಯ ಗಡಿಬಿಡಿಯಲ್ಲಿ ಹೇಳಲಾಗದ ಕಾರಣ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಪದಾರ್ಥದ ಪರಿಚಯ. ಹೆಸರು ತಾವರೆ ಬೀಜವೆಂದಿದ್ದರೂ ಅದು ತಾವರೆಯದಲ್ಲ. ನಮ್ಮ ಕೆರೆಗಳಲ್ಲಿ ಅರಳುವ ತಾವರೆಯ ಬೀಜವು ಬಲಿತು ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ನೆನೆಸಿ, ಒಳಗಿನ ಕಹಿಯಾದ ಹಸಿರು ಮೊಳಕೆಯನ್ನು ತೆಗೆದು ಬೇಯಿಸಬೇಕು. ಮಖಾನವಾದರೋ ನೈದಿಲೆಯ ಕುಟುಂಬಕ್ಕೆ ಸೇರಿದ ಬೇರೊಂದು ಜಲಸಸ್ಯದ ಬೀಜ. ಸಸ್ಯಶಾಸ್ತ್ರಜ್ಞರು ಅದನ್ನು ಯೂರಿಯೇಲ್ ಫೆರಾಕ್ಸ್ ಎನ್ನುತ್ತಾರೆ. ಅದರ ಎಲೆಗಳು ನೀರಿನ ಮೇಲೆ ದೊಡ್ಡ ಹರಿವಾಣಗಳಂತೆ ಹರಡಿರುತ್ತವೆ. ಎಲೆ, ದಂಟು, ಕಾಯಿ ಎಲ್ಲವೂ ಮುಳ್ಳುಮಯ. ನಮ್ಮ ದೇಶದ ಮಖಾನದಲ್ಲಿ ಬಹುಭಾಗವು ಬಿಹಾರ ರಾಜ್ಯದ ಉತ್ತರ ಭಾಗದಲ್ಲಿ, ಮಿಥಿಲೆಯೆಂದು ಪುರಾಣಪ್ರಸಿದ್ಧವಾದ ಸೀಮೆಯಲ್ಲಿಯೂ ಅದರ ಸುತ್ತಮುತ್ತಲೂ ಬೆಳೆಯುತ್ತದೆ. ಅಲ್ಲಿಯ ದರ್ಭಾಂಗದಲ್ಲಿ 2002ರಲ್ಲಿ ಇದಕ್ಕಾಗಿಯೇ ಒಂದು ಸಂಶೋಧನ ಕೇಂದ್ರವು ಏರ್ಪಟ್ಟಿತು. 2022ರಲ್ಲಿ ‘ಮಿಥಿಲಾ ಮಖಾನ’ಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2025ರ ಕೇಂದ್ರ ಆಯವ್ಯಯದಲ್ಲಿ ಬಿಹಾರದಲ್ಲಿ ಮಖಾನ ಮಂಡಲಿಯನ್ನು ಸ್ಥಾಪಿಸುವುದಾಗಿ ಸಾರಿದರು. ಅದರ ಕೀರ್ತಿಯು ನಮ್ಮ ಗೌರಿಬಿದನೂರು, ಚಿಂತಾಮಣಿಗಳ ಅಂಗಡಿಗಳವರೆಗೆ ಬಂದುದು ಹೀಗೆ.

ಆ ಬಿಳಿಯ ಅರಳಿನ ಹಿಂದಿರುವ ಶ್ರಮವನ್ನು ನಮ್ಮ ಹುಡುಗಿಯರು ತಿಳಿದಿರುವುದು ಒಳ್ಳೆಯದು. ಬೀಜವು ಮಾಗಿದಾಗ ಕೊಳದ ತಳದ ಕೆಸರಿಗೆ ಇಳಿದುಬಿಡುತ್ತದೆ. ಬಹುಮಟ್ಟಿಗೆ ಮಲ್ಲಾಹ ಸಮುದಾಯದವರಾದ ಬೆಸ್ತರು ನೀರಿನಲ್ಲಿ ಮುಳುಗಿ ಮುಳುಗಿ, ಮುಳ್ಳುಗಳ ನಡುವೆ ಆ ಬೀಜಗಳನ್ನು ಕೆಸರಿನಿಂದ ಕೂಡಿಹಾಕುತ್ತಾರೆ. ಅವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಗಾತ್ರಕ್ಕೆ ತಕ್ಕಂತೆ ಜರಡಿಯಾಡಿ, ಕಬ್ಬಿಣದ ಬಾಣಲೆಗಳಲ್ಲಿ ಹುರಿದು, ಎರಡು ಮೂರು ದಿನ ಹಾಗೆಯೇ ಇರಿಸಿ, ಮತ್ತೆ ಹೆಚ್ಚು ಬಿಸಿಯಲ್ಲಿ ಹುರಿಯುತ್ತಾರೆ. ಬಾಣಲೆಯಿಂದ ತೆಗೆದ ಸುಡುಬೀಜವನ್ನು ಆರುವುದಕ್ಕೆ ಮುಂಚೆ ಮರದ ಕೊಡತಿಯಿಂದ ಹೊಡೆದರೆ, ಕರಿಯ ಚಿಪ್ಪು ಒಡೆದು ಬಿಳಿಯ ತಿರುಳು ಅರಳುತ್ತದೆ. ಈ ಕೆಲಸದಲ್ಲಿ ಹೆಂಗಸರ ಪಾಲು ಬಹಳ. ಅಷ್ಟು ಕೈಗಳನ್ನು ದಾಟಿ ಬಂದ ಪದಾರ್ಥವು ದುಬಾರಿಯಾಗಿರುವುದು ಅನ್ಯಾಯವಲ್ಲ. ಅದನ್ನು ತಿನ್ನುವವರು ಆ ಕೈಗಳನ್ನು ಸ್ಮರಿಸಿ ತಿನ್ನಬೇಕು, ಚೆಲ್ಲಬಾರದು.

ಇನ್ನು ಅದರ ಗುಣ. ಎಣ್ಣೆಯಲ್ಲಿ ಕರಿದ ಚಿಪ್ಸು ಮುಂತಾದ ಪೊಟ್ಟಣದ ತಿನಿಸುಗಳಿಗಿಂತ ಮನೆಯಲ್ಲಿ ಹುರಿದ ಮಖಾನವು ಎಷ್ಟೋ ಮೇಲು. ಅದರಲ್ಲಿ ಸ್ವಾಭಾವಿಕವಾದ ಜಿಡ್ಡು ಇಲ್ಲವೆನ್ನುವಷ್ಟು ಕಡಮೆ, ಉಪ್ಪು ಎಷ್ಟಿರಬೇಕೆಂಬುದು ನಮ್ಮ ಕೈಯಲ್ಲಿದೆ, ಸುಲಭವಾಗಿ ಜೀರ್ಣಿಸುತ್ತದೆ. ಹಲ್ಲು ಗಟ್ಟಿಯಿಲ್ಲದ ವೃದ್ಧರಿಗೂ, ಕಾಯಿಲೆಯಿಂದ ಎದ್ದವರಿಗೂ, ಜಿಡ್ಡನ್ನು ಕಡಮೆಮಾಡಬೇಕೆಂದು ವೈದ್ಯರು ಹೇಳಿದವರಿಗೂ ಅದು ಉತ್ತಮವಾದ ಉಪಾಹಾರ. ಇಷ್ಟನ್ನು ನಾವು ಸಂತೋಷದಿಂದ ಒಪ್ಪುತ್ತೇವೆ.

ಆದರೆ ವೃದ್ಧರಿಗೆ ಹಿತವಾದುದು ಬೆಳೆಯುವ ಬಾಲಿಕೆಗೆ ಸಾಕಾದುದೆಂದು ಹೇಳಲಾಗದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೋಷ್ಟಕಗಳನ್ನು ನೋಡಿದರೆ, 100 ಗ್ರಾಂ ಮಖಾನದಲ್ಲಿ ಮುಕ್ಕಾಲು ಪಾಲು ಪಿಷ್ಟ. ಸಸಾರಜನಕ, ಎಂದರೆ ಪ್ರೋಟೀನು, ಸುಮಾರು 10 ಗ್ರಾಂ. ಕೇಳುವುದಕ್ಕೆ ಇದು ಕಡಮೆಯಲ್ಲ. ಆದರೆ 100 ಗ್ರಾಂ ಮಖಾನವೆಂದರೆ ದೊಡ್ಡ ಪಾತ್ರೆ ತುಂಬುವಷ್ಟು. ಒಬ್ಬ ಹುಡುಗಿಯು ಒಂದು ಸಲಕ್ಕೆ ತಿನ್ನುವುದು ಒಂದು ಬಟ್ಟಲು. ತೂಗಿದರೆ 20 ಗ್ರಾಂ ಆದರೆ ಹೆಚ್ಚು. ಅದರಿಂದ ದೊರೆಯುವ ಸಸಾರಜನಕವು 2 ಗ್ರಾಂ. ಕಬ್ಬಿಣದಂಶವು ಒಂದು ಮಿಲಿಗ್ರಾಂ ಕೂಡ ಆಗದು. ಸುಣ್ಣದಂಶ, ಎಂದರೆ ಕ್ಯಾಲ್ಸಿಯಂ, ಮಖಾನದಲ್ಲಿ ಹೇರಳವೆಂದು ಅನೇಕರು ಹೇಳುತ್ತಾರೆ. ರಾಗಿಯ ಮುಂದೆ ಇಟ್ಟು ನೋಡಿದರೆ ಅದು ಅತ್ಯಲ್ಪ.

ಈಗ ಬಾಲಿಕೆಯ ಅಗತ್ಯವನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 13ರಿಂದ 15 ವರ್ಷದ ಹುಡುಗಿಗೆ ದಿನವೊಂದಕ್ಕೆ ಸುಮಾರು 43 ಗ್ರಾಂ ಸಸಾರಜನಕ, 30 ಮಿಲಿಗ್ರಾಂ ಕಬ್ಬಿಣ, 1000 ಮಿಲಿಗ್ರಾಂ ಸುಣ್ಣದಂಶ ಬೇಕು. 16ರಿಂದ 18 ವರ್ಷದವಳಿಗೆ ಇನ್ನೂ ಸ್ವಲ್ಪ ಹೆಚ್ಚು. ತೂಕದಲ್ಲಿ ತಂದೆಗಿಂತ ಎಷ್ಟೋ ಕಡಮೆಯಿರುವ ಮಗಳಿಗೆ ಕಬ್ಬಿಣವು ತಂದೆಗಿಂತ ಹೆಚ್ಚಾಗಿ ಬೇಕೆಂಬುದನ್ನು ಎಷ್ಟು ಮನೆಗಳು ಬಲ್ಲವು? ಬೆಳವಣಿಗೆಯೂ ತಿಂಗಳ ರಕ್ತಸ್ರಾವವೂ ಒಟ್ಟಿಗೆ ಬಂದು ಸೇರುವ ವಯಸ್ಸು ಅದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಯು ರಕ್ತಹೀನತೆಯಿಂದ ಕೂಡಿದವರೆಂದು ಕಂಡುಬಂತು. ಒಂದು ತರಗತಿಯಲ್ಲಿ 40 ಮಂದಿ ಹುಡುಗಿಯರಿದ್ದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂದರ್ಥ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆಗಟ್ಟಿ ಕುಸಿಯುವವರನ್ನು, ಮೆಟ್ಟಲು ಹತ್ತುವಾಗ ಏದುಸಿರು ಬಿಡುವವರನ್ನು, ‘ಸೋಮಾರಿ’ ಎಂದು ಮನೆಯಲ್ಲಿ ಬೈಸಿಕೊಳ್ಳುವವರನ್ನು ನೋಡಿರುವ ನಮಗೆ ಆ ಅಂಕಿಯು ಕಾಗದದ ಮೇಲಿನ ಅಂಕಿಯಲ್ಲ.

ಇಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಕಲಕಿದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಮಖಾನವನ್ನು ಹೊಗಳುವವರು ಅದರಿಂದ ಮೈ ಇಳಿಯುವುದೆಂದು ಹೊಗಳುತ್ತಾರೆ. ಈ ಮಾತು ದೊಡ್ಡವರನ್ನು ಕುರಿತದ್ದಾದರೂ ಹುಡುಗಿಯರ ಕಿವಿಗೆ ಬೀಳುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿನಿಯು ಬೆಳಗಿನ ಊಟವನ್ನು ಬಿಟ್ಟು, ಮಧ್ಯಾಹ್ನ ಒಂದು ಹಿಡಿ ಮಖಾನವನ್ನು ತಿಂದು, ‘ಆಯಿತು ಮೇಡಂ’ ಎಂದು ಡಬ್ಬಿ ಮುಚ್ಚುವುದನ್ನು ನಾವು ಕಂಡಿದ್ದೇವೆ. ಅವಳ ಮೈಯಲ್ಲಿ ಇಳಿಯತಕ್ಕದ್ದೇನೂ ಇರಲಿಲ್ಲ. ತಿನಿಸು ಹಗುರವಾಗಿರುವುದು ಗುಣವೆಂದು ಕಲಿಸುತ್ತ ಹೋದರೆ, ಬೆಳೆಯಬೇಕಾದ ಎಲುಬೂ ರಕ್ತವೂ ಹಗುರವಾಗಿಯೇ ಉಳಿಯುತ್ತವೆ. ಬಾಲಿಕೆಯ ಉಪಾಹಾರವನ್ನು ಅದರ ಹಗುರತನದಿಂದ ಅಳೆಯಲಾಗದು. ಅದರಲ್ಲಿ ಅಡಗಿರುವ ಸತ್ತ್ವದಿಂದ ಅಳೆಯಬೇಕು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದೊಂದೇ.

ಎರಡನೆಯ ಸಂಗತಿಯು ನಾಚಿಕೆಗೆ ಸಂಬಂಧಪಟ್ಟದ್ದು. ನಮ್ಮ ವಿದ್ಯಾರ್ಥಿನಿಯರನ್ನು ವಿದುರಾಶ್ವತ್ಥಕ್ಕೆ ಪ್ರವಾಸ ಕರೆದುಕೊಂಡು ಹೋಗುವ ರೂಢಿಯುಂಟು. 1938ನೆಯ ಇಸವಿ ಏಪ್ರಿಲ್ 25ರಂದು ರಾಷ್ಟ್ರಧ್ವಜವನ್ನು ಹಿಡಿದು ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದುದನ್ನೂ, ಅಲ್ಲಿ ಪ್ರಾಣವನ್ನು ತೆತ್ತವರನ್ನೂ ಚರಿತ್ರೆಯ ಪಾಠದಲ್ಲಿ ಓದಿದ ಮಕ್ಕಳು ಆ ಸ್ಥಳವನ್ನೂ ವೀರಸೌಧವನ್ನೂ ಕಣ್ಣಾರೆ ನೋಡಬೇಕೆಂಬುದು ನಮ್ಮ ಉದ್ದೇಶ. ಸುತ್ತಾಡಿ ದಣಿದು ಮರದ ನೆರಳಿನಲ್ಲಿ ಸಾಲಾಗಿ ಕುಳಿತು ಡಬ್ಬಿಗಳನ್ನು ತೆರೆದಾಗ, ಮಕ್ಕಳ ಮನೆಗಳೆಲ್ಲ ನಮ್ಮ ಮುಂದೆ ತೆರೆದಂತಾಗುತ್ತದೆ. ಒಬ್ಬಳ ಡಬ್ಬಿಯಲ್ಲಿ ತುಪ್ಪದಲ್ಲಿ ಹುರಿದ ಬೆಳ್ಳನೆಯ ಮಖಾನ. ಪಕ್ಕದವಳ ಡಬ್ಬಿಯಲ್ಲಿ ಬೆಲ್ಲ ಬೆರೆಸಿದ ರಾಗಿ ಹುರಿಹಿಟ್ಟಿನ ಕಂದು ಉಂಡೆ. ಎರಡನೆಯವಳು ಮುಚ್ಚಳವನ್ನು ಅರ್ಧ ಮರೆಮಾಡಿಕೊಂಡು ತಿನ್ನುತ್ತಾಳೆ. ಯಾರೂ ಅವಳನ್ನು ಹಾಸ್ಯ ಮಾಡಿರುವುದಿಲ್ಲ. ಆದರೂ ಬಿಳಿಯದು ಮೇಲು, ಕಂದು ಕೀಳು ಎಂಬ ಭಾವನೆಯು ಅವಳ ಮನಸ್ಸಿನಲ್ಲಿ ಆಗಲೇ ಮನೆಮಾಡಿರುತ್ತದೆ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದವನ್ನು ಹೂಡಿಸಿ ರಾಗಿಗೆ ಗೆಲವನ್ನು ಕೊಟ್ಟು ಶತಮಾನಗಳೇ ಕಳೆದವು, ಆ ವಾದವು ನಮ್ಮ ಮಕ್ಕಳ ಡಬ್ಬಿಗಳಲ್ಲಿ ಇನ್ನೂ ಮುಗಿದಿಲ್ಲ.

ನಿಜವನ್ನು ಹೇಳುವುದಾದರೆ, ಆ ದಿನ ಹೆಚ್ಚು ಬೆಲೆಯುಳ್ಳ ಡಬ್ಬಿಯು ಮುಚ್ಚಳದ ಮರೆಯಲ್ಲಿತ್ತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೆ ಮೇಲ್ಪಟ್ಟು ಸುಣ್ಣದಂಶವಿದೆ. ನಾವು ದಿನನಿತ್ಯ ಉಣ್ಣುವ ಧಾನ್ಯಗಳಲ್ಲಿ ಇಷ್ಟನ್ನು ಕೊಡುವುದು ಮತ್ತೊಂದಿಲ್ಲ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 1200 ಮಿಲಿಗ್ರಾಮಿಗೂ ಹೆಚ್ಚು. 20 ಗ್ರಾಂ ಹುರಿಹಿಟ್ಟಿಗೆ 10 ಗ್ರಾಂ ಎಳ್ಳನ್ನು ಸೇರಿಸಿ ಬೆಲ್ಲದಲ್ಲಿ ಕಟ್ಟಿದ ಉಂಡೆಯಿಂದ ಸುಮಾರು 190 ಮಿಲಿಗ್ರಾಂ, ಎಂದರೆ ಹುಡುಗಿಯ ದಿನದ ಅಗತ್ಯದಲ್ಲಿ ಹೆಚ್ಚುಕಡಮೆ ಐದನೆಯ ಒಂದು ಪಾಲು ದೊರೆಯುತ್ತದೆ. ಕಡಲೆಕಾಯಿ ಬೀಜದಲ್ಲಿ ನೂರಕ್ಕೆ ಸುಮಾರು 25 ಪಾಲು ಸಸಾರಜನಕ. ಹುರಿಗಡಲೆಯಲ್ಲಿಯೂ ಹುರುಳಿಯಲ್ಲಿಯೂ ಸುಮಾರು 22 ಪಾಲು. 30 ಗ್ರಾಂ ಕಡಲೆಕಾಯಿ ಬೀಜವು, ಎಂದರೆ ಒಂದು ಹಿಡಿಯು, ಒಂದು ಬಟ್ಟಲು ಮಖಾನಕ್ಕಿಂತ ಮೂರರಷ್ಟಕ್ಕೂ ಹೆಚ್ಚಾದ ಸಸಾರಜನಕವನ್ನು ಕೊಡುತ್ತದೆ. ಬೆಲೆಯಾದರೋ ಮಖಾನದ ಬೆಲೆಯಲ್ಲಿ ಒಂದು ಸಣ್ಣ ಪಾಲು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ಇಂಥ ಸಂದರ್ಭಕ್ಕಾಗಿಯೇ ಹುಟ್ಟಿರಬೇಕು.

ಇದು ನಮ್ಮ ಊರಿನ ಅಭಿಮಾನದ ಮಾತು ಮಾತ್ರವೆಂದು ಯಾರೂ ಭಾವಿಸಬಾರದು. ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವು ಪ್ರಾರಂಭವಾದಾಗ, ದೇಶದ ಬಡ ಮಕ್ಕಳಿಗೆ ಅಗ್ಗದಲ್ಲಿ ಪುಷ್ಟಿಯನ್ನು ಕೊಡುವ ಆಹಾರವೊಂದನ್ನು ಕಂಡುಹಿಡಿಯಬೇಕೆಂದು ಅಲ್ಲಿಯ ವಿಜ್ಞಾನಿಗಳು ಹೊರಟರು. ಅವರು ಸಿದ್ಧಪಡಿಸಿದ ವಿವಿಧೋಪಯೋಗಿ ಆಹಾರದಲ್ಲಿ ಮೂರು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಒಂದು ಪಾಲು ಕಡಲೆಯ ಹಿಟ್ಟು. ಜೊತೆಗೆ ಜೀವಸತ್ತ್ವಗಳೂ ಸುಣ್ಣದಂಶವೂ. ವಿಜ್ಞಾನಿಗಳು ಹುಡುಕಿ ಆರಿಸಿದ ಆ ಜೋಡಿಯು ನಮ್ಮ ಜಾತ್ರೆಯ ಕಡಲೆಪುರಿಯ ಪೊಟ್ಟಣದಲ್ಲಿ ಮೊದಲೇ ಇದ್ದಿತು. ರಾಗಿಯ ವಿಷಯದಲ್ಲಿಯೂ ಹಾಗೆಯೇ: ನಮ್ಮ ರಾಜ್ಯದ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿ ರೈತರ ಕಣಗಳನ್ನು ತುಂಬಿಸಿದರು. ಮಖಾನಕ್ಕೆ ವರ್ಷದ ಹಲವು ತಿಂಗಳು ನಿಂತ ನೀರು ಬೇಕು. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆಯನ್ನೂ ಕೆರೆಯನ್ನೂ ನಂಬಿದ ಸೀಮೆ. ಉತ್ತರ ಪಿನಾಕಿನಿಯ ಮರಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಒಣಭೂಮಿಯು ನಮಗೆ ಕೊಟ್ಟಿರುವುದು ರಾಗಿ, ಕಡಲೆಕಾಯಿ, ಅವರೆ, ಹುರುಳಿ, ಹುಣಿಸೆ. ಅವು ಬಡತನದ ಗುರುತುಗಳಲ್ಲ. ಬೆಳೆಯುವ ಮಗುವಿಗೆ ಬೇಕಾದುದರಲ್ಲಿ ಬಹುಭಾಗವು ಅವುಗಳಲ್ಲಿದೆ.

ಹಾಗಾದರೆ ಮಖಾನವನ್ನು ಮನೆಗೆ ತರಲೇಬಾರದೇ? ಅಂಥ ಅಭಿಪ್ರಾಯವು ನಮ್ಮದಲ್ಲ. ಅನುಕೂಲವುಳ್ಳವರು ತರಲಿ, ಅದನ್ನು ಅತಿಥಿಯಂತೆ ಬರಮಾಡಿಕೊಂಡು ಮನೆಯವರ ಪಂಕ್ತಿಯಲ್ಲಿ ಕೂಡಿಸಲಿ. ಬರಿಯ ಮಖಾನಕ್ಕೆ ಬದಲಾಗಿ ಮಾಡಬಹುದಾದ ಕೆಲವು ತಿನಿಸುಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದು ಕೂಡು ಹುರಿಗಾಳು. ದಪ್ಪ ತಳದ ಬಾಣಲೆಗೆ ಎರಡು ಸಣ್ಣ ಚಮಚ ತುಪ್ಪವನ್ನಾಗಲಿ ಕಡಲೆಕಾಯಿ ಎಣ್ಣೆಯನ್ನಾಗಲಿ ಹಾಕಿ, 50 ಗ್ರಾಂ ಮಖಾನವನ್ನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈಬಿಡದೆ ಹುರಿಯಬೇಕು. ಒಂದನ್ನು ಎರಡು ಬೆರಳುಗಳ ನಡುವೆ ಅದುಮಿದರೆ ಸದ್ದಾಗಿ ಪುಡಿಯಾಗಬೇಕು. ಮೆತ್ತಗೆ ಬಗ್ಗಿದರೆ ಇನ್ನೂ ಹುರಿಯಬೇಕೆಂದು ತಿಳಿಯತಕ್ಕದ್ದು. ಉರಿ ಹೆಚ್ಚಾದರೆ ಹೊರಗೆ ಕಂದಿ ಒಳಗೆ ರಬ್ಬರಿನಂತೆ ಉಳಿಯುತ್ತದೆ. ಅದನ್ನು ತೆಗೆದಿರಿಸಿ, ಅದೇ ಬಾಣಲೆಯಲ್ಲಿ 100 ಗ್ರಾಂ ಕಡಲೆಕಾಯಿ ಬೀಜವನ್ನು ಬೇರೆಯಾಗಿ ಹುರಿದು, ಕೊನೆಯಲ್ಲಿ 100 ಗ್ರಾಂ ಹುರಿಗಡಲೆ, ಒಂದು ಹಿಡಿ ಕರಿಬೇವು, ತೆಳುವಾಗಿ ಹೆಚ್ಚಿದ ಕೊಬ್ಬರಿ, ಚಿಟಿಕೆ ಅರಿಸಿನ, ಮೆಣಸಿನ ಪುಡಿ, ಸ್ವಲ್ಪವೇ ಉಪ್ಪು ಸೇರಿಸಬೇಕು. ಚೆನ್ನಾಗಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಒಂದು ವಾರ ಗರಿಗರಿಯಾಗಿರುತ್ತದೆ. ಬಿಸಿಯಿರುವಾಗಲೇ ಮುಚ್ಚಿದರೆ ಬೆವೆತು ಮೆತ್ತಗಾಗುವುದು. ಮಖಾನವಿಲ್ಲದ ಮನೆಯಲ್ಲಿ ಅದರ ಸ್ಥಾನಕ್ಕೆ ಕಡಲೆಪುರಿಯನ್ನು ಹಾಕಿದರೆ ಏನೂ ಕೊರತೆಯಾಗದು.

ಎರಡನೆಯದು ಹುರಿಹಿಟ್ಟಿನ ಉಂಡೆ. ರಾಗಿಯನ್ನು ತೊಳೆದು, ನೀರನ್ನು ಬಸಿದು, ತೇವವಾದ ಬಟ್ಟೆಯಲ್ಲಿ ರಾತ್ರಿಯೆಲ್ಲ ಕಟ್ಟಿಟ್ಟು, ಮರುದಿನ ನೆರಳಿನಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹುರಿದರೆ ಮಲ್ಲಿಗೆಯ ಮೊಗ್ಗಿನಂತೆ ಅರಳು ಸಿಡಿಯುತ್ತದೆ. ಅದನ್ನು ಬೀಸಿದರೆ ಹುರಿಹಿಟ್ಟು. ಎರಡು ಪಾಲು ಹುರಿಹಿಟ್ಟು, ಒಂದು ಪಾಲು ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಒಂದು ಪಾಲು ಹುರಿದ ಎಳ್ಳು, ಬೇಕಾದರೆ ಒಂದು ಪಾಲು ಪುಡಿಮಾಡಿದ ಮಖಾನ, ಏಲಕ್ಕಿ ಇವುಗಳನ್ನು ಕಲಸಿ, ಕರಗಿಸಿ ಸೋಸಿದ ಬೆಲ್ಲವನ್ನು ಹದವಾಗಿ ಹಾಕಿ, ತುಪ್ಪದ ಕೈಯಲ್ಲಿ ಉಂಡೆ ಕಟ್ಟುವುದು. ಮಖಾನದ ಪುಡಿಯಿಂದ ಉಂಡೆಗೆ ಮೃದುತ್ವ ಬರುತ್ತದೆಂಬುದನ್ನು ನಾವು ಮಾಡಿ ನೋಡಿದ್ದೇವೆ. ತಂಬಿಟ್ಟು, ಎಳ್ಳಿನ ಚಿಗಳಿ, ಕಡಲೆಮಿಠಾಯಿ ಇವೆಲ್ಲ ಇದೇ ಬಳಗದವು. ಅವುಗಳ ಕ್ರಮವನ್ನು ನಮ್ಮ ತಾಯಂದಿರಿಗೆ ಹೇಳಿಕೊಡುವ ಸಾಹಸವನ್ನು ಮಾಡುವುದಿಲ್ಲ.

ಮೂರನೆಯದು ಗುಗ್ಗರಿ. ಹುರುಳಿಯನ್ನೋ ಒಣ ಅವರೆಯನ್ನೋ ರಾತ್ರಿ ನೆನೆಹಾಕಿ, ಸಾಧ್ಯವಾದರೆ ಮೊಳಕೆ ಬರಿಸಿ, ಬೇಯಿಸಿ ಒಗ್ಗರಣೆ ಕೊಟ್ಟು, ಮೇಲೆ ನಿಂಬೆಯ ಹುಳಿಯನ್ನು ಹಿಂಡುವುದು. ಈ ಹುಳಿಯು ಬರಿಯ ರುಚಿಗಾಗಿಯಲ್ಲ. ಕಾಳುಗಳಲ್ಲಿರುವ ಕಬ್ಬಿಣವು ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಇವುಗಳಲ್ಲಿರುವ ಸಿ ಜೀವಸತ್ತ್ವವು ಜೊತೆಗಿದ್ದರೆ ಹೆಚ್ಚಾಗಿ ಸೇರುತ್ತದೆ. ಇದಕ್ಕೆ ವಿರುದ್ಧವಾಗಿ ಚಹವೂ ಕಾಫಿಯೂ ಅದನ್ನು ತಡೆಯುತ್ತವೆ. ಸಾಯಂಕಾಲದ ತಿಂಡಿಯ ಜೊತೆಗೇ ಮಗಳಿಗೆ ಲೋಟದ ತುಂಬ ಚಹ ಕೊಡುವ ಅಭ್ಯಾಸವಿರುವ ಮನೆಗಳು ಅದನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೂ ದೊಡ್ಡ ಉಪಕಾರವಾಗುತ್ತದೆ.

ಕೆಲವು ಎಚ್ಚರಿಕೆಗಳು. ಮುಗ್ಗಿದ, ಬಣ್ಣಗೆಟ್ಟ, ಸುಕ್ಕಿದ, ಕಹಿಯಾದ ಕಡಲೆಕಾಯಿ ಬೀಜವನ್ನು ಆರಿಸಿ ಬಿಸಾಡಬೇಕು. ಅದರಲ್ಲಿ ಬೆಳೆಯುವ ಬೂಷ್ಟು ಪಿತ್ತಜನಕಾಂಗಕ್ಕೆ ವಿಷ, ಹುರಿದರೂ ಪೂರ್ತಿಯಾಗಿ ಹೋಗದು. ಐದು ವರ್ಷದೊಳಗಿನ ತಮ್ಮ ತಂಗಿಯರಿಗೆ ಇಡೀ ಕಡಲೆಕಾಯಿ ಬೀಜವನ್ನಾಗಲಿ ಇಡೀ ಮಖಾನವನ್ನಾಗಲಿ ಕೊಡಬಾರದು. ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಭಯವುಂಟು, ಪುಡಿಮಾಡಿ ಕೊಡತಕ್ಕದ್ದು. ಕಡಲೆಕಾಯಿಯು ಕೆಲವರ ದೇಹಕ್ಕೆ ಒಗ್ಗದೆ ದದ್ದು, ಉಬ್ಬಸಗಳನ್ನು ತರುವುದುಂಟು. ಅಂಥವರ ಡಬ್ಬಿಯಲ್ಲಿ ಅದು ಇರಕೂಡದು. ಸಿದ್ಧಪಡಿಸಿ ಪೊಟ್ಟಣದಲ್ಲಿ ಮಾರುವ ಮಸಾಲೆ ಮಖಾನವನ್ನು ಕೊಳ್ಳುವವರು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಎಣ್ಣೆ, ಸಕ್ಕರೆ, ಉಪ್ಪು ಹೇರಳವಾಗಿದ್ದರೆ ಅದು ಹೆಸರು ಬದಲಿಸಿಕೊಂಡ ಚಿಪ್ಸೇ ಹೊರತು ಬೇರೆಯಲ್ಲ. ಜಿಡ್ಡು, ಉಪ್ಪು, ಸಕ್ಕರೆಗಳು ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಬಾಗಿಲಿನಿಂದ 50 ಮೀಟರಿನೊಳಗೂ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿಯೇ ನಿಯಮ ಮಾಡಿದೆ. ಆದರೆ 51ನೆಯ ಮೀಟರಿನಲ್ಲಿರುವ ಅಂಗಡಿಯನ್ನು ಕಾಯುವವರು ಮನೆಯವರೇ. ಇನ್ನೊಂದು ಮಾತು: ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಗೆ ಯಾವ ಉಂಡೆಯೂ ಬದಲಲ್ಲ. ರಕ್ತ ಕಡಮೆಯೆಂದು ಪರೀಕ್ಷೆಯಲ್ಲಿ ಕಂಡವರಿಗೆ ಔಷಧವೂ ಬೇಕು, ಆಹಾರವೂ ಬೇಕು.

ಇಷ್ಟನ್ನು ಓದಿದ ತಾಯಂದಿರಲ್ಲಿ ಅನೇಕರು, ‘ಹುರಿಯುವುದಕ್ಕೆ ಹೊತ್ತು ಎಲ್ಲಿದೆ?’ ಎಂದು ಕೇಳುವುದು ನ್ಯಾಯವೇ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವವರು, ಸಿದ್ಧ ಉಡುಪಿನ ಕಾರ್ಖಾನೆಯ ಬಸ್ಸಿಗೆ ಕತ್ತಲಲ್ಲಿಯೇ ಓಡುವವರು, ಹೊಲದ ಕೂಲಿಗೆ ಹೋಗುವವರು ನಮ್ಮ ಪೋಷಕರಲ್ಲಿದ್ದಾರೆ. ಅವರ ತಲೆಯ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುವುದು ನಮ್ಮ ಇಚ್ಛೆಯಲ್ಲ. ಆದುದರಿಂದಲೇ ಹುರಿದ ಪದಾರ್ಥಗಳ ಮಾತನ್ನು ಎತ್ತಿದೆವು. ಅವು ಭಾನುವಾರ ಸಾಯಂಕಾಲ ಒಂದು ಗಂಟೆಯ ಕೆಲಸ, ವಾರಕ್ಕೆಲ್ಲ ಆಗುತ್ತವೆ. ಆ ಒಂದು ಗಂಟೆಯ ಕೆಲಸವು ತಾಯಿಯದೇ ಆಗಿರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಬಾಣಲೆಯಲ್ಲಿ ಸೌಟಾಡಿಸಲು ತಂದೆಯ ಕೈಗೂ ಅಣ್ಣನ ಕೈಗೂ ಬರುತ್ತದೆ. ಜಾತ್ರೆಗಳಲ್ಲಿ ಕಡಲೆಕಾಯಿ ಹುರಿಯುವವರು ಗಂಡಸರೇ ಅಲ್ಲವೇ?

ಕೊನೆಯದಾಗಿ, ಹೇಳಲು ಸಂಕೋಚವಾದರೂ ಹೇಳದೆ ಬಿಡಲಾಗದ ಒಂದು ಮಾತು. ಡಬ್ಬಿಯಲ್ಲಿ ಏನಿದೆಯೆಂಬುದರಷ್ಟೇ ಮುಖ್ಯವಾದುದು ಅದು ಯಾರ ಪಾಲಿಗೆ ಎಷ್ಟು ಬರುತ್ತದೆಂಬುದು. ಉಂಡೆಗಳು ನಾಲ್ಕಿದ್ದಾಗ ಮಗನಿಗೆ ಎರಡು, ಗಂಡನಿಗೆ ಎರಡು, ಮಗಳು ‘ನನಗೆ ಬೇಡಮ್ಮ’ ಎಂದು ಹೇಳಲು ಕಲಿತಿರುವ ಮನೆಗಳು ಇನ್ನೂ ಇವೆ. ಆ ‘ಬೇಡ’ವನ್ನು ಅವಳಿಗೆ ಕಲಿಸಿದವರು ಯಾರೆಂದು ಪ್ರತಿಯೊಂದು ಮನೆಯೂ ತನ್ನನ್ನು ತಾನೇ ಕೇಳಿಕೊಳ್ಳಲಿ. ಮಗಳಿಗೆ ವಿದ್ಯೆಯಲ್ಲಿ ಸಮಪಾಲನ್ನು ಕೊಡಬೇಕೆಂದು ನಮ್ಮಂಥ ಶಾಲೆಗಳು ತಲೆಮಾರುಗಳಿಂದ ಬೇಡುತ್ತ ಬಂದಿವೆ. ಬಟ್ಟಲಿನಲ್ಲಿ ಸಮಪಾಲಿಲ್ಲದೆ ಆ ವಿದ್ಯೆಯು ಪೂರ್ಣವಾಗಿ ಫಲಿಸದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಈಗ ತಾಯಂದಿರು, ಹಲವರು ಉಪಾಧ್ಯಾಯಿನಿಯರು, ದಾದಿಯರು, ಅಂಗನವಾಡಿಯ ಕಾರ್ಯಕರ್ತೆಯರು. ನಿಮ್ಮ ಮಾತಿಗೆ ನಿಮ್ಮ ಊರುಗಳಲ್ಲಿ ಬೆಲೆಯಿದೆ. ನಿಮ್ಮ ಮನೆಯ ಹುಡುಗಿಯು ಊಟವನ್ನು ಬಿಟ್ಟು ಒಂದು ಹಿಡಿ ಬಿಳಿಯ ಅರಳಿನಿಂದ ದಿನ ಕಳೆಯುತ್ತಿದ್ದರೆ ಅವಳನ್ನು ಬಳಿಗೆ ಕರೆದು, ಗದರಿಸದೆ, ಅವಳ ಮೈಗೆ ಏನು ಬೇಕೆಂಬುದನ್ನು ತಿಳಿಸಿ ಹೇಳಿ. ನೆರೆಮನೆಯ ಹುಡುಗಿಯು ರಾಗಿ ಉಂಡೆಯನ್ನು ಮರೆಮಾಡಿಕೊಂಡು ತಿನ್ನುತ್ತಿದ್ದರೆ ಅವಳ ಪಕ್ಕದಲ್ಲಿ ಕುಳಿತು ಒಂದನ್ನು ಕೇಳಿ ತೆಗೆದುಕೊಳ್ಳಿ. ಪೋಷಕರು ಈ ವಾರವೇ ಒಂದು ಡಬ್ಬಿಯಷ್ಟು ಕಾಳನ್ನು ಹುರಿದಿಟ್ಟು, ಮಗಳು ಮನೆಗೆ ಬಂದೊಡನೆ ಕೈಗೆಟಕುವ ಎತ್ತರದಲ್ಲಿ ಇರಿಸಬೇಕೆಂದು ನಮ್ಮ ವಿನಂತಿ.